ರೆಕ್ಕೆಯ ಮೇಲಿನ ಕಣ್ಣು

—ಕೈಯ ಮೇಲೆ ಹಾದುಹೋದದ್ದು ನೆರಳೇ, ನೆರಳಲ್ಲದೆ ಇನ್ನೇನು, ಮೋಡವಾಗಿದ್ದರೆ ಬೋರ್ಡಿಗೆ ಬೋರ್ಡೇ ಮಂಕಾಗಬೇಕಿತ್ತು, ಇದು ಬೆರಳ ಗೆಣ್ಣುಗಳ ಮೇಲೆ ಮಾತ್ರ, ಕುಂಚದ ತುದಿಯ ಮೇಲೆ ಮಾತ್ರ, ಬಂತು, ಹೋಯಿತು, ಮತ್ತೆ ಬಿಸಿಲು ಚುರ್ರೆಂದಿತು, ಅವನು ತಲೆ ಎತ್ತಲಿಲ್ಲ, ಏಣಿ ಹತ್ತಿದವನು ಆಕಾಶ ನೋಡಬಾರದು ಎಂದು ಕಸುಬು ಕಲಿಯುವಾಗಲೇ ಹೇಳಿಸಿಕೊಂಡವನು, ನೋಡಿದರೂ ಏನು ಕಂಡೀತು, ಹೋಗಿಯಾಗಿರುತ್ತದೆ, ಅದು ಯಾವಾಗಲೂ ನೋಡುವಷ್ಟರಲ್ಲಿ ಹೋಗಿಯಾಗಿರುತ್ತದೆ. ಕಾಗೆಯಿದ್ದರೂ ಇರಬಹುದು. ಇಲ್ಲ, ಕಾಗೆಯ ನೆರಳು ಬಡಿದುಕೊಂಡು ಹೋಗುತ್ತದೆ, ಇದು ಜಾರಿಕೊಂಡು ಹೋಯಿತು, ಬಡಿಯದ ರೆಕ್ಕೆ, ಹಕ್ಕಿ ಹಿಡಿಯುವ ಡೇಗೆಯದು, ಮನೆಯ ಕಡೆಯಿಂದ ಇಲ್ಲಿಯವರೆಗೆ ಬರುತ್ತದೆಯೇ ಅದು, ಅವನು ಎಲ್ಲಿ ಏಣಿ ಹಾಕಿದ್ದಾನೆ ಎಂದು ಅದಕ್ಕೆ ಗೊತ್ತೇ, ಪಾರಿವಾಳದ ಗೂಡಿನ ಚಿಲಕ ಹಾಕಿದನೋ ಇಲ್ಲವೋ, ಹಾಕಿದ, ಎಳೆದು ನೋಡಿದ, ಮೆಟ್ಟಿಲು ಇಳಿದವನು ಮತ್ತೆ ಹತ್ತಿಹೋಗಿ ಎಳೆದು ನೋಡಿದ. ಏನ್ರೀ ಪೇಂಟರ್ರೇ, ಕಣ್ಣು ಬಿಡ್ಸಿ ಅಂದ್ರೆ ನಿಂತಲ್ಲೇ ನಿದ್ದೆ ಹೊಡೀತಿದ್ದೀರಲ್ಲ, ಕೆಳಗಿನಿಂದ ಕನ್ನಡಕದಂಗಡಿಯಾತ, ಇಲ್ಲ ಸಾರ್, ಚುಕ್ಕೆ ಇಡೋದೊಂದೇ ಬಾಕಿ, ಅಂದಾಜು ನೋಡ್ತಿದ್ದೆ. ಬೋರ್ಡಿನ ಮೇಲೆ ಆಳೆತ್ತರದ ಕಣ್ಣು, ರೆಪ್ಪೆ ಆಗಿದೆ, ಕಂದು ಆಗಿದೆ, ನಡುವಿನ ಕಪ್ಪೂ ಆಗಿದೆ, ಆದರೂ ಅದಿನ್ನೂ ಕಣ್ಣಲ್ಲ, ಬಣ್ಣ, ಕಪ್ಪಿನ ಮೇಲೊಂದು ಬಿಳಿ ಚುಕ್ಕೆ ಬೀಳಬೇಕು, ಬೆಳಕು ಬಿದ್ದ ಹಾಗೆ, ಅದು ಬಿದ್ದ ಗಳಿಗೆಯಿಂದ ಕಣ್ಣು ನೋಡಲು ಶುರುಮಾಡುತ್ತದೆ, ಇಷ್ಟು ವರ್ಷ ಬೋರ್ಡು ಬರೆದವನಿಗೂ ಆ ಗಳಿಗೆಗೆ ಬೆನ್ನು ಒಂದಿಷ್ಟು ತಣ್ಣಗಾಗುತ್ತದೆ. ಅವನು ಚುಕ್ಕೆ ಇಟ್ಟು ಏಣಿ ಇಳಿದ.

ಇವತ್ತು ಅತ್ತಿಗೆ ತಾರಸಿಗೆ ಬರುತ್ತಾಳೆ. ಬೆಳಿಗ್ಗೆ ಲೋಟ ತೊಳೆಯುತ್ತಾ ಹೇಳಿದ್ದು, ತಿರುಗಿ ಕೂಡ ನೋಡದೆ, ಇವತ್ತು ಸಂಜೆ ಮೇಲೆ ಬರ್ತೀನಿ ಕಣೋ, ಆ ಬುಗುರಿ ಲಾಗ ಹೊಡೆಯೋದನ್ನ ಒಂದು ಸಲ ನೋಡ್ಬೇಕು, ಆವತ್ತು ನಿಮ್ಮಣ್ಣ ಅದನ್ನೇ ಅಲ್ವಾ ನೋಡ್ತಿದ್ದದ್ದು. ಅವನ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ಅಣ್ಣ ಹೋದಂದಿನಿಂದ ಆ ಮೆಟ್ಟಿಲಿಗೆ ಕಾಲಿಡದವಳು, ಬಟ್ಟೆಯನ್ನೂ ಒಳಗೇ ಒಣಗಿಸುವವಳು, ಬಲವಂತ ಮಾಡ್ಬೇಡಿ, ಅವರಿಗೇ ಅನ್ನಿಸ್ಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದವಳು, ತಾನಾಗಿ ಬರುತ್ತೇನೆಂದಳು, ಬಂದು ನೋಡಿದರೆ, ನೋಡಿ ಅತ್ತರೆ, ಅಷ್ಟಕ್ಕೆ ಮುಗಿಯುತ್ತದೇನೋ, ಮೆಟ್ಟಿಲ ಕೆಳಗೆ ನಿಂತು ಮೇಲಕ್ಕೆ ಮಾತಾಡುವುದು ನಿಲ್ಲುತ್ತದೇನೋ, ನಿಲ್ಲಬೇಕು, ಇನ್ನೊಂದು ವರ್ಷ ಹೀಗೇ ಹೋದರೆ ಅವಳು ಪೂರ್ತಿ ಆ ಕಡೆಯವಳಾಗುತ್ತಾಳೆ. ಅದಕ್ಕೆ ಬುಗುರಿ ಬೇಕು, ಅಣ್ಣನ ಪಾರಿವಾಳ. ಹಾರಬೇಕು, ಲಾಗ ಹೊಡೆಯಬೇಕು, ಇಳಿದು ಅವಳ ಕೈಮೇಲೆ ಕೂರಬೇಕು, ಅಷ್ಟೇ, ಒಂದು ಸಂಜೆಯ ಮಟ್ಟಿಗೆ ಡೇಗೆ ಅದನ್ನು ಬಿಟ್ಟುಬಿಡಬೇಕು. ಅವನು ಡಬ್ಬಗಳ ಮುಚ್ಚಳ ಒತ್ತಿ, ಕುಂಚಗಳನ್ನು ಚಿಂದಿಯಲ್ಲಿ ಸುತ್ತಿ, ಏಣಿಯನ್ನು ಅಂಗಡಿಯ ಹಿಂದೆ ಒರಗಿಸಿ ಹೊರಟ.

ಏನೇನು ಮಾಡಲಿಲ್ಲ ಆ ಡೇಗೆಗೆ. ಮುಚ್ಚಿದ ಗಿರಣಿಯ ಚಿಮಣಿಯ ಮೇಲೆ ಕೂರುತ್ತದೆ ಅದು, ಬೀದಿಯ ಅಷ್ಟೂ ತಾರಸಿಗಳು ಅದರ ಕಾಲ ಕೆಳಗೆ, ಯಾರ ಮನೆಯಲ್ಲಿ ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಬಾಡಿಗೆಗೆ ಬಂದವರಿಗಿಂತ ಚೆನ್ನಾಗಿ ಅದಕ್ಕೆ ಗೊತ್ತು. ಮೊದಲು ಹಕ್ಕಿಗಳ ಬಾಲಕ್ಕೆ ಗೆಜ್ಜೆ ಕಟ್ಟಿದ, ಸದ್ದಿಗೆ ಹೆದರುತ್ತದೆ ಎಂದು ಯಾರೋ ಅಂದಿದ್ದರು, ಒಂದೆರಡು ದಿನ ಹೆದರಿತು ಕೂಡ, ಆಮೇಲೆ ಗೆಜ್ಜೆ ಕೇಳಿದರೇ ಎದ್ದು ಬರತೊಡಗಿತು, ತಾನೇ ಊಟದ ಗಂಟೆ ಬಾರಿಸಿದ ಹಾಗಾಯಿತು, ಬುದ್ಧಿ ಎಂದರೆ ಇದು. ಕನ್ನಡಿ ಚೂರು ತೂಗುಹಾಕಿದ, ಅದರ ಬೆಳಕು ಎದುರುಮನೆಯ ಮುದುಕನ ಕಣ್ಣಿಗೆ ಹೊಡೆದು ಜಗಳವಾಯಿತು, ಡೇಗೆಗೆ ಏನೂ ಆಗಲಿಲ್ಲ. ಹಾರಿಸುವ ಹೊತ್ತು ಬದಲಿಸಿದ, ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ, ಅದೂ ಬದಲಿಸಿತು. ಅದಕ್ಕೆ ಬೇಕಾದದ್ದು ಗುಂಪಿನಲ್ಲಿ ಹಾರುವ ಹಕ್ಕಿಯಲ್ಲ, ಲಾಗ ಹೊಡೆಯುವ ಹಕ್ಕಿ, ಹಿಂದಕ್ಕೆ ಉರುಳಿಕೊಂಡು ಗುಂಪಿನಿಂದ ಕೆಳಗೆ ಬಿದ್ದು ಮತ್ತೆ ಸಾವರಿಸಿಕೊಳ್ಳುವ ಆ ಒಂದು ಚಣ, ಅಲ್ಲಿ ಬಂದು ಕಾಯುತ್ತದೆ, ಎಷ್ಟು ಚೆನ್ನಾಗಿ ಉರುಳುತ್ತದೋ ಅಷ್ಟು ಬೇಗ ಹೋಗುತ್ತದೆ ಹಕ್ಕಿ, ಅಣ್ಣ ವರ್ಷಾನುಗಟ್ಟಲೆ ಜೋಡಿ ಹುಡುಕಿ ಹುಡುಕಿ ಬೆಳೆಸಿದ ತಳಿ, ಒಂದೊಂದಾಗಿ ಚಿಮಣಿಯ ಮೇಲೆ ಹೋಗಿ ಪುಕ್ಕವಾಯಿತು, ಗಾಳಿ ಈ ಕಡೆ ಬೀಸಿದ ದಿನ ಪುಕ್ಕ ತಾರಸಿಗೇ ವಾಪಸು ಬಂದು ಬೀಳುತ್ತಿತ್ತು. ಆಮೇಲೆ ತಗಡುಗಳು. ಕಣ್ಣು ಕಂಡರೆ ಹೆದರುತ್ತದೆ, ದೊಡ್ಡ ಗೂಬೆಯ ಕಣ್ಣು, ಅದೊಂದು ಅವನ ಕೈಯಲ್ಲೇ ಇದ್ದ ವಿದ್ಯೆ, ಹಳೆಯ ಬೋರ್ಡುಗಳ ಹಿಂಭಾಗಕ್ಕೆ ಹಳದಿ ಬಳಿದು ಸಾಲಾಗಿ ಕಣ್ಣು ಬರೆದು ಗೋಡೆಯುದ್ದಕ್ಕೂ ನಿಲ್ಲಿಸಿದ, ಗೂಡಿನ ಮೇಲೆ ಮಲಗಿಸಿದ, ಒಂದು ವಾರ ಡೇಗೆ ಬರಲಿಲ್ಲ, ಬರದೇ ಇದ್ದದ್ದಕ್ಕೆ ಅವನು ಬೀಗಿದ್ದೇ ಬೀಗಿದ್ದು. ಅತ್ತಿಗೆ ಮಾತ್ರ, ಏನ್ ಮಾಡಿಟ್ಟಿದ್ದೀಯೋ ಮೇಲೆ, ಅಡುಗೆಮನೇಲಿ ನಿಂತ್ರೂ ಸೂರಿನ ಮೇಲಿಂದ ಯಾರೋ ನೋಡ್ದಂಗಾಗುತ್ತೆ ಎಂದಳು, ಅವಳು ಆ ತಗಡುಗಳನ್ನು ನೋಡಿಯೇ ಇರಲಿಲ್ಲ, ಅವನು ಹೇಳಿಯೂ ಇರಲಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಬಾಗಿಲು ತೆರೆದಾಗ ಡೇಗೆ ಎಲ್ಲಕ್ಕಿಂತ ದೊಡ್ಡ ಕಣ್ಣಿನ ಮೇಲೆಯೇ ಕೂತಿತ್ತು, ನಟ್ಟನಡುವಿನ ಕಪ್ಪಿನಲ್ಲಿ ಉಗುರೂರಿ, ಕಾಲಡಿ ಒಂದು ಬೂದು ಹಕ್ಕಿಯನ್ನು ಇಟ್ಟುಕೊಂಡು, ಅವನನ್ನು ನೋಡಿತು, ನೋಡಿ ಮತ್ತೆ ಊಟಕ್ಕೆ ಬಗ್ಗಿತು. ಕೆಂಪು ನೀರು ಹಳದಿಯ ಮೇಲೆ ರೆಪ್ಪೆಯವರೆಗೂ ಇಳಿದಿತ್ತು. ಒರೆಸಿದ, ಹೋಗಲಿಲ್ಲ, ಮೇಲೆ ಇನ್ನೊಂದು ಕೈ ಬಣ್ಣ ಬಳಿದ.

ಜಡವಾಗಿ ನಿಂತ ಕಣ್ಣಿಗೆ ಯಾರು ಹೆದರುತ್ತಾರೆ. ರೆಪ್ಪೆ ಬಡಿಯಬೇಕು. ಅದು ಯಾವಾಗ ಹೊಳೆಯಿತೋ, ಸ್ನಾನ ಮಾಡುತ್ತಿದ್ದಾಗಲೋ, ಕಣ್ಣು ಹಕ್ಕಿಯ ಮೇಲೆಯೇ ಇರಬೇಕು, ರೆಕ್ಕೆಯ ಮೇಲೆ, ರೆಕ್ಕೆ ಬಿಚ್ಚಿದರೆ ಕಣ್ಣು ತೆರೆಯುತ್ತದೆ, ಮಡಿಚಿದರೆ ಮುಚ್ಚುತ್ತದೆ, ಲಾಗ ಹೊಡೆದರಂತೂ ತೆರೆದು ಮುಚ್ಚಿ ತೆರೆದು ಮುಚ್ಚಿ, ಯಾವ ಡೇಗೆ ತಡೆದೀತು ಅದನ್ನು. ನಿನ್ನೆ ಮಧ್ಯಾಹ್ನ ಬುಗುರಿಯನ್ನು ತೊಡೆಯ ಮೇಲಿಟ್ಟುಕೊಂಡ, ಬುಗುರಿ ಎಂದು ಹೆಸರಿಟ್ಟವನು ಅಣ್ಣ, ಉರುಳುವಾಗ ಹಕ್ಕಿ ಹೋಗಿ ಬರೀ ಒಂದು ಚೆಂಡು ಉಳಿಯುತ್ತಿತ್ತು ಗಾಳಿಯಲ್ಲಿ, ಕಪ್ಪು ಮೈ, ರೆಕ್ಕೆ ಮಾತ್ರ ಬಿಳುಪು, ಬರೆಯಲಿಕ್ಕೆಂದೇ ಬಿಟ್ಟ ಜಾಗ. ಬಲಗಡೆ ಒಂದು, ಎಡಗಡೆ ಒಂದು. ನೀರು ಬಣ್ಣ ಬೇಡ, ಅದು ಮೊದಲ ಸ್ನಾನಕ್ಕೇ ಹೋಗುತ್ತದೆ, ಬೋರ್ಡಿಗೆ ಹಾಕುವ ಎನಾಮಲ್ಲೇ ಆಗಬೇಕು, ದೂರಕ್ಕೆ ಕಾಣಬೇಕು, ಹೊಳೆಯಬೇಕು, ಮಳೆಗೆ ಜಗ್ಗಬಾರದು, ಬೋರ್ಡು ಬರೆಯುವವನಿಗೆ ಬೇರೆ ವೇದಾಂತ ಏನಿದೆ. ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಚ್ಚಿ ಹಿಡಿದು ಒಂದು ಕೈ ಬಳಿದ, ಆರುವವರೆಗೂ ಹಾಗೇ ಬಿಚ್ಚಿ ಹಿಡಿದು ಕೂತ, ಎರಡನೆಯ ಕೈ ಬಳಿದ, ಅಂಚು ತಿದ್ದಿದ, ಕೈ ತಾನೇ ತಿದ್ದಿತು ಎನ್ನಬೇಕು, ಮನಸ್ಸು ಎಲ್ಲೋ ಇತ್ತು, ಬುಗುರಿಯ ಎದೆ ಬೆರಳ ಕೆಳಗೆ ಡಬಡಬ ಎನ್ನುತ್ತಿತ್ತು, ಇರು ಪುಟ್ಟಿ ಇರು, ಇನ್ನೊಂದು ಚೂರು, ನಿನ್ನ ಒಳ್ಳೇದಕ್ಕೇ. ಕೊನೆಗೆ ಬಿಳಿ ಚುಕ್ಕೆ. ಇವತ್ತು ಬೆಳಿಗ್ಗೆ ನೋಡಿದರೆ ಅದು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿತ್ತು, ರೆಕ್ಕೆಗಳು ಮೈಗೆ ಅಂಟದೆ ಒಂದಿಷ್ಟು ಹೊರಗೆ ನಿಂತಿದ್ದವು, ಯಾರದೋ ದೊಡ್ಡ ಅಂಗಿ ತೊಟ್ಟವರ ತೋಳಿನ ಹಾಗೆ, ಕೊಕ್ಕಿನಿಂದ ಬಣ್ಣವನ್ನು ಕುಕ್ಕಿ ಕುಕ್ಕಿ ಬಿಡುತ್ತಿತ್ತು, ಉಳಿದ ಹಕ್ಕಿಗಳು ಅದರಿಂದ ದೂರ ಕೂತಿದ್ದವು. ಮುನಿಸು, ಎಂದುಕೊಂಡ, ಹೊಸ ಅಂಗಿಯ ಮುನಿಸು, ಮೇಲೆ ಹೋದರೆ ಸರಿಹೋಗುತ್ತದೆ.

ಆದರೆ ಆವತ್ತು, ಅಣ್ಣ, ಆ ಬೆತ್ತದ ಕುರ್ಚಿ. ಬೀದಿಯ ತಿರುವಿನಲ್ಲಿ ಬೆತ್ತದ ಕುರ್ಚಿ ಮಾರುವವನು ಎದುರಾದಾಗಲೆಲ್ಲ ಅದೇ ನೆನಪು, ಇವನೊಬ್ಬ ಬೇರೆ ದಾರಿ ಹಿಡಿಯಬಾರದೇ. ಅಣ್ಣ ತಾರಸಿಯ ಕುರ್ಚಿಯಲ್ಲಿ ಒರಗಿ ಮುಖ ಮೇಲೆತ್ತಿ ಕೂತಿದ್ದ, ಹಕ್ಕಿಗಳು ಆಗಲೇ ಇಳಿದು ಅವನ ಹೆಗಲ ಮೇಲೆ, ಮೊಣಕಾಲ ಮೇಲೆ, ಅತ್ತಿಗೆ ಕಾಫಿ ತಂದವಳು ಎಂದಿನಂತೆ ಶುರುಮಾಡಿದಳು, ಅಡುಗೆಮನೆ ನಲ್ಲಿ ಸೋರ್ತಾನೇ ಇದೆ, ವಾಷರ್ ತನ್ನಿ ಅಂತ ಎಷ್ಟು ಸಲ ಹೇಳೋದು, ನಿಮಗೆ ಮನೆ ಅಂದ್ರೆ ಈ ಗೂಡೊಂದೇ, ನಾನೂ ಒಂದು ಹಕ್ಕಿ ಆಗಿ ಹುಟ್ಟಿದ್ರೆ ತಿರುಗಿ ನೋಡ್ತಿದ್ರೇನೋ, ಹಾಗೆ ಹೀಗೆ, ಬೈದಳು, ನಕ್ಕಳು, ತಂಗಿಯ ಮನೆಯ ಸುದ್ದಿ ಹೇಳಿದಳು, ಅವನು ಕೇಳುತ್ತಿದ್ದಾನೆಂದೇ, ಕಣ್ಣು ಬಿಟ್ಟುಕೊಂಡೇ ಇದ್ದನಲ್ಲ, ಕಾಫಿ ಕೆನೆಗಟ್ಟಿದಾಗ ಗಮನ ಹೋಯಿತು, ರೆಪ್ಪೆ. ಇಷ್ಟು ಹೊತ್ತು ರೆಪ್ಪೆ ಬಡಿದಿರಲಿಲ್ಲ. ಅವಳು ಅಷ್ಟು ಮಾತು ಹೇಳಿದ್ದು ಇಲ್ಲದವನಿಗೆ. ಇವನು ಓಡಿಬಂದು ಅಂಗೈಯಿಂದ ಅಣ್ಣನ ರೆಪ್ಪೆ ಇಳಿಸಿದ, ಬಲಗಣ್ಣು ಮುಚ್ಚಿತು, ಎಡಗಣ್ಣು, ಚಿಕ್ಕವನಿದ್ದಾಗ ಹಕ್ಕಿ ಕುಕ್ಕಿ ರೆಪ್ಪೆಯ ತುದಿಯಲ್ಲಿ ಕಚ್ಚುಬಿದ್ದ ಆ ಕಣ್ಣು, ಮತ್ತೆ ತೆರೆಯಿತು, ಇಳಿಸಿದ, ತೆರೆಯಿತು, ಕೊನೆಗೆ ಹಾಗೇ ಬಿಟ್ಟು ಬಟ್ಟೆ ಮುಚ್ಚಿದರು. ಅದಾದ ಮೇಲೆ ನಲ್ಲಿಗೆ ವಾಷರ್ ಹಾಕಿದ್ದು ಅವನೇ, ತೊಟ್ಟು ನೀರು ಸೋರುವುದಿಲ್ಲ ಈಗ, ಆದರೂ ಸಂಜೆಯಾದರೆ ಅತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ, ನಲ್ಲಿ ಸೋರ್ತಿದೆ ರೀ. ಹೇಳಿ ಸುಮ್ಮನಾಗುತ್ತಾಳೆ, ಉತ್ತರ ಬರುವಷ್ಟು ಹೊತ್ತು ಕಾಯುತ್ತಾಳೆ, ತಲೆಯಾಡಿಸಿ ಒಳಗೆ ಹೋಗುತ್ತಾಳೆ. ಒಂದು ಸಲ ಗೂಡು ಕೆರೆದು ಸ್ವಚ್ಛ ಮಾಡುತ್ತಿದ್ದವನಿಗೆ ಆ ಮಾತು ಕೇಳಿಸಿ, ಹೂಂ, ಎಂದುಬಿಟ್ಟ, ಎಂದನೋ, ಎಂದ ಹಾಗೆ ಅನ್ನಿಸಿತೋ, ಕೆಳಗೆ ಬಂದಾಗ ಅವಳ ಮುಖ ಅರಳಿತ್ತು, ನಿಮ್ಮಣ್ಣ ಹೂಂ ಅಂದ್ರು ಕಣೋ. ಅದು ತನ್ನ ದನಿ ಎಂದು ಹೇಳಲು ಬಾಯಿ ಬರಲಿಲ್ಲ, ಅವನಿಗೇ ಗಟ್ಟಿಯಿರಲಿಲ್ಲ.

ಗಡಿಯಾರದವನು ಅಂಗಡಿಯೊಳಗಿಂದ ಕೈಮಾಡಿ ಕರೆದ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, ಅಣ್ಣನ ಜೊತೆಗಾರ, ಹಕ್ಕಿಯ ಹುಚ್ಚಿನಲ್ಲಿ ಇವರಿಬ್ಬರೂ ಒಂದೇ ಬಳ್ಳಿಯ ಕಾಯಿ, ಏನಪ್ಪಾ, ಇನ್ನೂ ಹಾರಿಸ್ತಾ ಇದೀಯಂತೆ, ಆ ಡೇಗೆ ಮರಿ ಮಾಡಿದೆ ಚಿಮಣಿ ಮೇಲೆ, ಮರಿಗಳಿಗೂ ಹೊಟ್ಟೆ ಇರುತ್ತೆ, ಈಗ ಅದರ ಕೈಲಿ ಹುಡುಗಾಟ ಬೇಡ, ನಾನಂತೂ ನನ್ನವನ್ನ ಮುಚ್ಚಿಟ್ಟುಬಿಟ್ಟೆ, ಮರಿ ಹಾರಿಹೋಗೋವರೆಗೆ ನೀನೂ ಮುಚ್ಚಿಡು. ಇವತ್ತೊಂದು ದಿನ, ಎಂದ ಅವನು, ಇವತ್ತು ಅತ್ತಿಗೆ ಬರ್ತಾರೆ ಮೇಲೆ. ಗಡಿಯಾರದವನು ಭೂತಗನ್ನಡಿ ತೆಗೆದ, ಒಂದು ಕಣ್ಣು ದೊಡ್ಡದಾಗಿದ್ದದ್ದು ಮತ್ತೆ ಎರಡೂ ಸಮವಾದವು, ಬರ್ತಾರಾ, ಒಳ್ಳೇದು, ಹಂಗಾದ್ರೆ ಒಂದು ಕೆಲ್ಸ ಮಾಡು, ಮೊದಲು ಒಂದು ಕೆಲಸಕ್ಕೆ ಬಾರದ ಹಕ್ಕಿ ಬಿಡು, ಅದು ತಗೊಂಡು ಹೋಗ್ಲಿ, ಹೊಟ್ಟೆ ತುಂಬಿದ ಮೇಲೆ ಬುಗುರೀನ ಬಿಡು, ನಾವೆಲ್ಲ ಮಾಡೋದೇ ಅದನ್ನ, ಬಾಯಿಬಿಟ್ಟು ಹೇಳಲ್ಲ ಅಷ್ಟೇ, ನಿಮ್ಮಣ್ಣನೂ ಮಾಡ್ತಿದ್ದ. ಅಣ್ಣ ಮಾಡುತ್ತಿದ್ದನೇ. ಕಾಲು ಕುಂಟಾದ ಮರಿಯನ್ನೂ ಅಂಗಿಯೊಳಗಿಟ್ಟು ಸಾಕಿದವನು, ಮಾಡುತ್ತಿದ್ದನೇ, ಒಂದೊಂದು ಬೆಳಿಗ್ಗೆ ಅವನು ಊಟ ಬೇಡ ಎನ್ನುತ್ತಿದ್ದದ್ದು ಅದಕ್ಕೇ ಇರಬಹುದೇ, ಇರಲಿ, ನನಗೆ ಬೇಡ, ನನ್ನ ಹತ್ರ ಬೇರೆ ಉಪಾಯ ಇದೆ, ಎಂದ. ನಿನ್ನ ಉಪಾಯ ನಂಗೊತ್ತಿಲ್ವಾ, ಗೆಜ್ಜೆ ಕಟ್ಟಿದ ಆಸಾಮಿ, ಎಂದು ಗಡಿಯಾರದವನು ನಕ್ಕ, ಅವನೂ ನಕ್ಕ, ಸಾವಿರ ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಾ ಟಿಕಟಿಕ ಎನ್ನುತ್ತಿದ್ದವು. ಹೊರಗೆ ಬಂದಾಗ ಬಿಸಿಲು ಓರೆಯಾಗಿತ್ತು.

ಮನೆಯೊಳಗೆ ಸದ್ದಿಲ್ಲ. ಅತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದಾಳೆ, ಒಗೆದ ಸೀರೆ ಉಟ್ಟು, ತಲೆ ಬಾಚಿ, ಎಲ್ಲಿಗೋ ಹೊರಟವಳ ಹಾಗೆ, ಬಂದ್ಯಾ, ಅವರು ಆಗ್ಲೇ ಎರಡು ಸಲ ಕರೆದ್ರು ಕಣೋ, ಬಂದೆ ಇರ್ರೀ ಅಂತ ಹೇಳಿದ್ದೀನಿ. ಬನ್ನಿ ಅತ್ತಿಗೆ, ಎಂದ, ಮುಂದೆ ತಾನು, ಹಿಂದೆ ಅವಳು, ಕೈಗಂಬಿಯ ಮೇಲೆ ಅವಳ ಬಳೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಸಲ, ತಿರುವಿನಲ್ಲಿ ನಿಂತಳು, ಉಸಿರು ಕೇಳಿಸಿತು, ವಾಪಸು ಹೋಗುತ್ತಾಳೆ ಎಂದುಕೊಂಡ, ಹೋಗಲಿಲ್ಲ. ತಾರಸಿಯ ಬಾಗಿಲು ತೆರೆದಾಗ ತಗಡುಗಳ ಮೇಲಿನ ಹಳದಿ ಕಣ್ಣುಗಳು ಸಾಲಾಗಿ ನೋಡಿದವು, ಮುಚ್ಚಿಡಬೇಕಾಗಿತ್ತು ಅವನ್ನು, ಹೊಳೆಯಲಿಲ್ಲ, ಆದರೆ ಅವಳು ಅವುಗಳ ಕಡೆ ತಿರುಗಿಯೂ ನೋಡದೆ ಕುರ್ಚಿಯ ಹತ್ತಿರ ಹೋದಳು, ಮಳೆಗೆ ಬಿಸಿಲಿಗೆ ಬೆತ್ತ ಬಿಟ್ಟುಕೊಂಡ ಕುರ್ಚಿ, ಅದರ ಬೆನ್ನ ಮೇಲೆ ಕೈಯಿಟ್ಟು ನಿಂತಳು, ಕೂರಲಿಲ್ಲ, ಅಲ್ಲಿ ಜಾಗ ಖಾಲಿಯಿಲ್ಲದ ಹಾಗೆ. ಅವನು ಗೂಡಿಗೆ ಕೈಹಾಕಿ ಬುಗುರಿಯನ್ನು ತೆಗೆದ, ಹಗುರ ಎನ್ನಿಸಲಿಲ್ಲ ಇವತ್ತು, ನೋಡಿ ಅತ್ತಿಗೆ, ಡೇಗೆ ಬರ್ದೆ ಇರ್ಲಿ ಅಂತ ಹೀಗೊಂದು ಮಾಡಿದ್ದೀನಿ, ಗೂಬೆ ಕಣ್ಣು, ಎಂದು ಎಡರೆಕ್ಕೆ ಬಿಚ್ಚಿ ತೋರಿಸಿದ, ಬಣ್ಣ ಕರಕರ ಎಂದಿತು. ಅತ್ತಿಗೆ ನೋಡಿದಳು. ತುಂಬ ಹೊತ್ತು ನೋಡಿದಳು. ಇದು ಗೂಬೆ ಕಣ್ಣಲ್ಲ, ಎಂದಳು.

ಆಗ ಅವನಿಗೂ ಕಂಡಿತು, ಹಳದಿ ಅಲ್ಲ ಅದು, ಕಂದು, ಹಳದಿ ಡಬ್ಬ ತೆರೆದದ್ದು ನೆನಪಿದೆಯಲ್ಲ, ಕಂದು ಯಾವಾಗ ಬಂತು, ದುಂಡಗಿಲ್ಲ, ನೀಳವಾಗಿದೆ, ಮೇಲಿನ ರೆಪ್ಪೆ ಒಂದು ತುದಿಯಲ್ಲಿ ತಗ್ಗಿದೆ, ಅಲ್ಲೊಂದು ಕಚ್ಚು, ಕುಂಚ ಜಾರಿ ಆದದ್ದಲ್ಲ, ಜಾರಿದ್ದರೆ ಅಂಚು ಹರಡುತ್ತಿತ್ತು, ಇದು ನಿಧಾನವಾಗಿ ತಿದ್ದಿ ಬರೆದ ಕಚ್ಚು, ಅಣ್ಣನ ಕಣ್ಣು, ಬಲರೆಕ್ಕೆಯ ಮೇಲಿನದು ಬರೀ ಕಣ್ಣು, ಇದು ಅಣ್ಣನ ಎಡಗಣ್ಣು, ತಾನು ಬರೆದನೇ ಇದನ್ನು, ಮನಸ್ಸು ಎಲ್ಲಿತ್ತು ಆಗ. ಅತ್ತಿಗೆ, ಇವತ್ತು ಬೇಡ, ಇನ್ನೊಂದು ದಿನ ಹಾರಿಸೋಣ, ಎನ್ನಲು ಹೊರಟ, ಅವಳು ಆಗಲೇ ಕೈಚಾಚಿ ಒಂದು ಬೆರಳಿನಿಂದ ಆ ಕಣ್ಣಿನ ಕೆಳಗೆ ಸವರುತ್ತಿದ್ದಳು, ಕಣ್ಣೀರು ಒರೆಸುವವರು ಸವರುವ ಹಾಗೆ, ಎಷ್ಟು ದಿನದಿಂದ ಹಿಂಗೇ ಬಿಟ್ಕೊಂಡಿದಾರೋ, ಎಂದಳು, ಉರಿಯಲ್ವಾ. ಆಮೇಲೆ, ಬಿಡು, ಎಂದಳು, ಹಾರಿಸು. ಅವಳ ದನಿಯಲ್ಲಿ ಹಳೆಯ ಅತ್ತಿಗೆಯಿದ್ದಳು, ಏ ಊಟಕ್ಕೆ ಬಾರೋ ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದ ಅತ್ತಿಗೆ, ಆ ದನಿಗೆ ಇಲ್ಲ ಎನ್ನುವುದು ಅವನಿಗೆ ಯಾವತ್ತೂ ರೂಢಿಯಿಲ್ಲ. ಉಳಿದ ಹಕ್ಕಿಗಳನ್ನೂ ಬಿಟ್ಟು, ಅವುಗಳ ಹಿಂದೆ ಬುಗುರಿಯನ್ನು ಮೇಲಕ್ಕೆ ಎಸೆದ.

ಹಾರಿತು. ಒಂದಿಷ್ಟು ಭಾರವಾಗಿ, ಒಂದಿಷ್ಟು ಸದ್ದಾಗಿ, ಒದ್ದೆ ಬಟ್ಟೆ ಒದರಿದ ಸದ್ದು, ಆದರೂ ಹಾರಿತು, ಗುಂಪು ಸೇರಿತು, ಸುತ್ತು ಹಾಕಿತು, ಗಿರಣಿಯ ಕಡೆ ಹೋಗಿ ತಿರುಗಿತು, ಇಳಿಬಿಸಿಲಿಗೆ ಎನಾಮಲ್ ಪಳಪಳ, ಹೇಳಿದೆನಲ್ಲ ದೂರಕ್ಕೆ ಕಾಣುತ್ತದೆ ಎಂದು, ಕಣ್ಣು ತೆರೆಯಿತು, ಮುಚ್ಚಿತು, ತೆರೆಯಿತು. ಚಿಮಣಿಯ ಮೇಲಿನ ಚುಕ್ಕೆ ಕಳಚಿಕೊಂಡಿತು. ಅಗೋ, ಹೊರಟಿತು, ಬಡಿಯದ ರೆಕ್ಕೆ, ಬರುತ್ತಿದೆ, ಎತ್ತರ, ಇನ್ನೂ ಎತ್ತರ, ಬಿಸಿಲಿನೊಳಗೆ ಹೋಗಿ ಕಾಣದಾಯಿತು, ಇನ್ನು ಎರಗುತ್ತದೆ, ಸೀಟಿ ಹೊಡೆಯಲು ಅವನ ತುಟಿ ಸೇರಲಿಲ್ಲ, ಎರಗಿತು, ಕಲ್ಲು ಬಿದ್ದ ಹಾಗೆ ನೇರ ಬುಗುರಿಯ ಮೇಲೆ, ಬುಗುರಿ ತಿರುಗಿತು, ರೆಕ್ಕೆ ಪೂರ್ತಿ ಬಿಚ್ಚಿತು, ಕಣ್ಣು ಡೇಗೆಯ ಎದುರಿಗೇ ತೆರೆಯಿತು, ಮತ್ತೆ ಡೇಗೆ, ಡೇಗೆ, ಮಗ್ಗುಲಾಯಿತು. ಮಗ್ಗುಲಾಗಿ, ಮೊದಲ ಸಲ ರೆಕ್ಕೆ ಬಡಿದು, ಯಾರೋ ಹೆದರಿಸಿದ ಕೋಳಿಯ ಹಾಗೆ ಬಡಬಡ ಬಡಿದು, ಗಿರಣಿಯನ್ನೂ ದಾಟಿ ಹೋಯಿತು. ಗೆದ್ದೆ, ಎಂದುಕೊಂಡ, ಗೆದ್ದೆ ಅಣ್ಣ, ನೋಡಿದೆಯಾ, ಬೋರ್ಡು ಬರೆಯೋನು ಅಂತ ಆಡ್ಕೋತಿದ್ದೆ, ನಗು ಬರುತ್ತಿತ್ತು, ಅತ್ತಿಗೆ ಕುರ್ಚಿಯ ಬೆನ್ನು ಹಿಡಿದು ಮುಖವೆತ್ತಿ ನೋಡುತ್ತಿದ್ದಳು, ಅವಳು ಡೇಗೆಯನ್ನು ನೋಡಿಯೇ ಇರಲಿಲ್ಲ, ಅವಳ ಮುಖದ ಮೇಲೆ ಬಿಸಿಲು.

ಆಗ ಬುಗುರಿ ಲಾಗ ಹೊಡೆಯಿತು. ರೆಕ್ಕೆ ಹಿಂದಕ್ಕೆ ಎಸೆದು ಬೆನ್ನ ಮೇಲೆ ಮಗುಚಿ ಉರುಳಿತು, ಉರುಳಿ ಉರುಳಿ ಹಕ್ಕಿ ಹೋಗಿ ಚೆಂಡಾಯಿತು, ಚೆಂಡಿನಲ್ಲಿ ಕಣ್ಣು ತೆರೆದು ಮುಚ್ಚಿ ತೆರೆದು ಮುಚ್ಚಿ, ನೋಡೋ, ಎಂದಳು ಅತ್ತಿಗೆ, ರೆಪ್ಪೆ ಬಡೀತಿದಾರೆ, ನೋಡೋ, ರೆಪ್ಪೆ ಬಡೀತಿದಾರೆ ಕಣೋ, ಕೇಳಿಸ್ತು ಅವರಿಗೆ, ಆವತ್ತೂ ಕೇಳಿಸ್ತಿತ್ತು, ಮತ್ತೆ ಮೇಲಕ್ಕೆ, ಮಾತಾಡುವ ದನಿಯಲ್ಲಿ, ನಲ್ಲಿ ಸರಿಹೋಯ್ತು ರೀ, ನಿಮ್ಮ ತಮ್ಮ ಸರಿಮಾಡಿದ, ಇನ್ನು ಕಣ್ಮುಚ್ಚಿ. ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಆಗಿಹೋಯಿತು, ಇದಕ್ಕೇ ಅಲ್ಲವೇ ಇಷ್ಟೆಲ್ಲ, ಆಗಿಹೋಯಿತು, ಎಂದುಕೊಂಡ ಅವನು, ಉಸಿರು ಹಿಡಿದಿದ್ದ, ಅಣ್ಣ ಕಲಿಸಿದ ಲೆಕ್ಕ, ಬುಗುರಿ ಉರುಳಲು ಶುರುಮಾಡಿದಾಗ ಉಸಿರು ಹಿಡಿ, ನಿನಗೆ ಕಷ್ಟವಾಗುವುದರೊಳಗೆ ಅದು ಬಿಡಿಸಿಕೊಂಡಿರುತ್ತೆ, ಬಿಡಿಸಿಕೊಳ್ಳಲಿಲ್ಲ. ಎದೆ ಒತ್ತತೊಡಗಿತು. ಬಿಡಿಸಿಕೊಳ್ಳಬೇಕು ಈಗ, ರೆಕ್ಕೆ ಒಳಗೆಳೆದು ಒಂದು ಸಲ ಮೈ ಕೊಡವಬೇಕು, ಆ ರೆಕ್ಕೆ, ಬಿಚ್ಚಿ ಹಿಡಿದು ಬಳಿದ ರೆಕ್ಕೆ, ಬಿಚ್ಚಿ ಹಿಡಿದು ಒಣಗಿಸಿದ ರೆಕ್ಕೆ, ಎರಡು ಕೈ ಎನಾಮಲ್, ಪುಕ್ಕಕ್ಕೆ ಪುಕ್ಕ ಅಂಟಿ ತಗಡಾದ ರೆಕ್ಕೆ, ಒಳಗೆ ಹೇಗೆ ಎಳೆದುಕೊಳ್ಳುತ್ತದೆ ಅದು, ಮಳೆಗೆ ಜಗ್ಗಬಾರದು ಎಂದವನು ಯಾರು, ದೂರಕ್ಕೆ ಕಾಣಬೇಕು ಎಂದವನು ಯಾರು, ತಗಡೆಂದೇ ತಿಳಿದು ಬಳಿದ, ಬೋರ್ಡೆಂದೇ ತಿಳಿದು ಬಳಿದ, ಅಯ್ಯೋ ಪುಟ್ಟಿ, ನೀರಿನ ತೊಟ್ಟಿಯ ಎತ್ತರ ದಾಟಿತು, ಎದುರುಮನೆಯ ಸೂರಿನ ಎತ್ತರ ದಾಟಿತು, ಇನ್ನೂ ಉರುಳುತ್ತಿದೆ, ದೊಡ್ಡದಾಗುತ್ತಿದೆ, ಬಣ್ಣದ ಗೆರೆ ಕಾಣುತ್ತಿದೆ, ಕಚ್ಚು ಕಾಣುತ್ತಿದೆ, ಬಿಳಿ ಚುಕ್ಕೆ ಕಾಣುತ್ತಿದೆ, ತೆರೆಯಿತು, ಮುಚ್ಚಿತು, ತೆರೆಯಿತು, ಅತ್ತಿಗೆ ಎರಡೂ ಕೈ ಚಾಚಿ ಬನ್ನಿ ಎಂದಳು, ತೆರೆಯಿತು, ಮುಚ್ಚಿತು, ಕುರ್ಚಿಯ ಮುಂದಿನ ಸಿಮೆಂಟಿನ ಮೇಲೆ ಸದ್ದಾಯಿತು. ಸಣ್ಣ ಸದ್ದು. ಬಾಗಿಲ ಹೊರಗೆ ಯಾರೋ ಪುಸ್ತಕ ಬೀಳಿಸಿದಷ್ಟು.

ಅತ್ತಿಗೆಯ ಚಾಚಿದ ಕೈ ಹಾಗೇ ಇದ್ದವು, ನಿಧಾನವಾಗಿ ಇಳಿಸಿಕೊಂಡಳು, ನೆಲದ ಮೇಲೆ ಕೂತಳು, ಸೆರಗನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಬುಗುರಿ ಬೆನ್ನು ಮೇಲಾಗಿ ಬಿದ್ದಿತ್ತು, ಕುತ್ತಿಗೆ ಒಂದು ಕಡೆ, ಎಡರೆಕ್ಕೆ ಪೂರ್ತಿ ಬಿಚ್ಚಿಕೊಂಡು, ಬಣ್ಣ ಒಂದಿಷ್ಟೂ ಬಿರಿದಿರಲಿಲ್ಲ, ಒಳ್ಳೆಯ ಕೆಲಸ. ಉಳಿದ ಹಕ್ಕಿಗಳು ಮೇಲೆ ಸುತ್ತುತ್ತಲೇ ಇದ್ದವು, ಅವುಗಳ ನೆರಳು ಅತ್ತಿಗೆಯ ಮೇಲೆ, ಅವನ ಕೈಯ ಮೇಲೆ. ಅವರು ಇನ್ನೂ ನೋಡ್ತಾನೇ ಇದಾರೆ, ಎಂದಳು ಅತ್ತಿಗೆ, ಮೆಟ್ಟಿಲ ಬುಡದ ಅದೇ ದನಿಯಲ್ಲಿ, ಅಷ್ಟು ದೂರ ಬಂದಿದ್ದವಳು ಅಲ್ಲಿಂದಲೇ ತಿರುಗಿ ಹೊರಟುಹೋದ ಹಾಗೆ, ಮುಚ್ಚೋ ಅದನ್ನ. ಅವನು ಮಂಡಿಯೂರಿದ. ಮೈ ಇನ್ನೂ ಬೆಚ್ಚಗಿತ್ತು. ರೆಕ್ಕೆಯ ತುದಿ ಹಿಡಿದು ಮೈಯ ಕಡೆಗೆ ಮಡಿಚಿದ, ಕಣ್ಣು ಮರೆಯಾಯಿತು, ಕೈ ತೆಗೆದ, ಬಣ್ಣ ಕರಕರ ಎಂದು ರೆಕ್ಕೆ ತಾನೇ ಬಿಚ್ಚಿಕೊಂಡಿತು, ಕಣ್ಣು ತೆರೆಯಿತು. ಮುಚ್ಚೋ. ಮುಚ್ತಿದ್ದೀನಿ ಅತ್ತಿಗೆ. ಮಡಿಚಿದ, ಅಂಗೈಯಿಂದ ಒತ್ತಿ ಹಿಡಿದ, ಬಿಟ್ಟ, ತೆರೆಯಿತು. ಮಡಿಚಿದ, ತೆರೆ—